ನಕ್ಷೆಯಲ್ಲಿ ನಾನು ಬರೆಸಿದ ತಮ್ಮ

ಆ ಹಾಳೆಯಲ್ಲಿ ಗಂಡಸರೆಲ್ಲ ಚೌಕ, ಹೆಂಗಸರೆಲ್ಲ ದುಂಡು. ರೋಗ ಬಂದವರಾದರೆ ಚೌಕದ ಒಳಗೆ, ದುಂಡಿನ ಒಳಗೆ ಕಪ್ಪು ತುಂಬುತ್ತಾರೆ. ಬಳ್ಳಾರಿಯ ಬ್ರೂಸ್‌ಪೇಟೆ ಹಿಂದಿನ ಓಣಿಯ ನಮ್ಮ ಮನೆಯಲ್ಲಿ, ನಾನು ಹೊಲಿಯಲು ತಂದಿದ್ದ ಜೀನ್ಸ್ ಪ್ಯಾಂಟುಗಳ ಕಟ್ಟನ್ನು ಪಕ್ಕಕ್ಕೆ ಸರಿಸಿ, ಡಾಕ್ಟರಮ್ಮ ಚಾಪೆಯ ಮೇಲೆ ಆ ಹಾಳೆ ಹರಡಿಕೊಂಡಿದ್ದರು. ಅವರು ಬೆಂಗಳೂರಿನಿಂದ ಬಂದವರು. ನಾನು ಔಷಧ ಕೊಡುವ ಡಾಕ್ಟರಲ್ಲ, ರಕ್ತ ಓದುವ ಡಾಕ್ಟರು ಎಂದು ಬಂದ ಕೂಡಲೇ ಹೇಳಿದ್ದರು.

ಅಪ್ಪನಿಗೆ ಒಂದು ಕಪ್ಪು ಚೌಕ. ಸಿರುಗುಪ್ಪದಲ್ಲಿದ್ದ ಅಪ್ಪನ ಅಕ್ಕನಿಗೆ ಕಪ್ಪು ದುಂಡು. ಅವರಿಬ್ಬರ ತಾಯಿ, ಸತ್ತುಹೋದ ನಮ್ಮಜ್ಜಿಗೆ ಕಪ್ಪು ದುಂಡು, ಅದರ ಮೇಲೊಂದು ಅಡ್ಡಗೆರೆ. ನನಗೆ ಖಾಲಿ ದುಂಡು ಬರೆದರು.

"ನಿಮ್ಮ ನಂತರ?"

"ತಮ್ಮ ಒಬ್ಬ ಅದಾನ್ರಿ."

"ಸ್ವಂತ ತಮ್ಮನಾ?"

"ತಮ್ಮ ಅಂದ್ರ ತಮ್ಮರಿ," ಅಂದೆ.

ಅವರು ನನ್ನ ದುಂಡಿನ ಪಕ್ಕದಲ್ಲಿ ಒಂದು ಚೌಕ ಬರೆದು, ಅಪ್ಪ ಅವ್ವನ ಗೆರೆಯಿಂದ ಒಂದು ಗೆರೆ ಎಳೆದು ಅದಕ್ಕೆ ಸೇರಿಸಿದರು. ಅದಿರು ಲಾರಿ ಓಡಿಸುತ್ತಿದ್ದ ತಮ್ಮ ಅವತ್ತು ಮನೆಯಲ್ಲೇ ಇದ್ದ. ಹಾಳೆಯನ್ನು ಬಗ್ಗಿ ನೋಡಿ, "ಅಕ್ಕಾ, ನೀ ದುಂಡಗ ಅದೀ ಅಂತ ಬೆಂಗಳೂರಿನವ್ರಿಗೂ ಗೊತ್ತಾತು ನೋಡು," ಅಂದ. ಡಾಕ್ಟರಮ್ಮ ನಕ್ಕರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ನಮ್ಮ ಕಡೆ ಚಿಗವ್ವನ ಮಗನಿಗೂ ತಮ್ಮ ಎಂದೇ ಅನ್ನುತ್ತೇವೆ. ಬೇರೆ ಮಾತಿಲ್ಲ. ಹಾಗಾಗಿ ನಾನು ಹೇಳಿದ್ದು ಸುಳ್ಳಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಆಕೆ ಸ್ವಂತ ಎಂಬ ಮಾತು ಸೇರಿಸಿ ಕೇಳಿದ್ದರು. ನಾನು ಓದಿದ್ದು ನಾಲ್ಕನೇ ಇಯತ್ತೆ. ಅಷ್ಟು ಓದಿದವರಿಗೂ ಆ ಮಾತು ತಿಳಿಯುತ್ತದೆ.

ನನಗೆ ಒಂಬತ್ತು ವರ್ಷವಿದ್ದಾಗ ಅವನು ನಮ್ಮ ಮನೆಗೆ ಬಂದ. ನನ್ನ ನಂತರ ಅವ್ವನಿಗೆ ಎರಡು ಕೂಸು ಹುಟ್ಟಿ ಉಳಿಯಲಿಲ್ಲ. ಕುರುಗೋಡಿನಲ್ಲಿದ್ದ ಅವಳ ತಂಗಿಗೆ, ಅಂದರೆ ನನ್ನ ಚಿಗವ್ವನಿಗೆ, ಮೂರು ಗಂಡುಮಕ್ಕಳಿದ್ದವು. ನಾಲ್ಕನೆಯದೂ ಗಂಡಾಯಿತು. ಇಪ್ಪತ್ತೊಂದು ದಿನದ ಕೂಸನ್ನು ಅಕ್ಕಿ, ಕೊಬ್ಬರಿ, ಕುಬಸದ ಕಣದ ಜೊತೆಗೆ ಚಿಗವ್ವ ತನ್ನ ಅಕ್ಕನ ಉಡಿಯಲ್ಲಿ ಹಾಕಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಅವ್ವ ನನ್ನನ್ನು ಊರಿನ ದೊಡ್ಡ ಬಸವಣ್ಣನ ಗುಡಿಗೆ ಕರೆದುಕೊಂಡು ಹೋಗಿ, ಬಸವಣ್ಣನ ಕಾಲ ಮೇಲೆ ನನ್ನ ಕೈ ಇಡಿಸಿದಳು.

"ಉಡಿಯಾಗ ಬಿದ್ದ ಮ್ಯಾಲ ಹೆತ್ತಾಕಿ ಬ್ಯಾರೆ ಅನ್ನೋ ಮಾತು ಬಾಯಾಗ ಬರಬಾರದು. ಅವಂಗೂ ಹೇಳಬಾರದು, ಯಾರಿಗೂ ಹೇಳಬಾರದು."

"ಹೂನವ್ವಾ."

ಅದೇ ವರ್ಷ ಅಪ್ಪ ಸಿರುಗುಪ್ಪದ ರೈಸ್ ಮಿಲ್ಲಿನ ಕೆಲಸ ಬಿಟ್ಟು ಬಳ್ಳಾರಿಗೆ ಬಂದು, ಬ್ರೂಸ್‌ಪೇಟೆಯ ಅಕ್ಕಿ ಅಂಗಡಿಯೊಂದರಲ್ಲಿ ತೂಕ ಮಾಡುವ ಕೆಲಸಕ್ಕೆ ಸೇರಿದ. ಹೊಸ ಊರಿನಲ್ಲಿ ಯಾರಿಗೂ ನಮ್ಮ ವಿಷಯ ಗೊತ್ತಿರಲಿಲ್ಲ. ಕುರುಗೋಡಿನವರು ಹೇಳಲಿಲ್ಲ, ಸಿರುಗುಪ್ಪದ ಅತ್ತೆಯೂ ಹೇಳಲಿಲ್ಲ. ರೇಷನ್ ಕಾರ್ಡಿನಲ್ಲಿ, ಸಾಲಿಯಲ್ಲಿ, ಎಲ್ಲ ಕಡೆ ಅವನು ನಮ್ಮವನೇ.

ಅಪ್ಪನಿಗೆ ನಲವತ್ತು ದಾಟಿದಾಗ ಕಾಲು ತಪ್ಪತೊಡಗಿತು. ಮೊದಲು ಮೆಟ್ಟಿಲ ಮೇಲೆ, ಆಮೇಲೆ ಸಮ ನೆಲದ ಮೇಲೆ. ತಕ್ಕಡಿಗೆ ಬಟ್ಟು ಇಡಲು ಹೋದರೆ ಕೈ ಪಕ್ಕಕ್ಕೆ ಹೋಗುತ್ತಿತ್ತು. ಮಾತು ದಪ್ಪವಾಯಿತು. ಒಂದು ಹನಿ ಕುಡಿಯದ ಮನುಷ್ಯನನ್ನು ಓಣಿಯವರು ಮುಂಜಾನೆಯೇ ಕುಡಿದು ಬರುತ್ತಾನೆ ಅಂದರು. ನನ್ನನ್ನು ನೋಡಲು ಬಂದ ಎರಡು ಮನೆಯವರು ಅಪ್ಪ ಎದ್ದು ನೀರು ಕೊಡುವುದನ್ನು ನೋಡಿ ಮತ್ತೆ ಬರಲಿಲ್ಲ. ಆಮೇಲೆ ಯಾರೂ ನೋಡಲು ಬರಲಿಲ್ಲ. ನಾನು ಹೊಲಿಗೆ ಕಲಿತೆ. ಜೀನ್ಸ್ ಪ್ಯಾಂಟಿನ ಬೆಲ್ಟ್ ಹಾಕುವ ಪಟ್ಟಿ ಹೊಲಿಯುವುದು ನನ್ನ ಕೆಲಸ. ದಿನಕ್ಕೆ ಇಷ್ಟು ಡಜನ್ ಎಂದು ತಂದು ಕೊಡುತ್ತಿದ್ದರು.

ದೊಡ್ಡ ಆಸ್ಪತ್ರೆಯಲ್ಲಿ ಅಪ್ಪನನ್ನು ನೋಡಿದವರು ಈ ಡಾಕ್ಟರಮ್ಮನಿಗೆ ತಿಳಿಸಿದ್ದರು. ಇಂಥ ರೋಗ ಮನೆತನದಲ್ಲಿ ಇಳಿದು ಬರುತ್ತದೆ, ಅದಕ್ಕೆ ಕಾರಣವಾದ ಜೀನ್ ಎಲ್ಲಿದೆ ಎಂದು ಹುಡುಕುತ್ತಿದ್ದೇವೆ, ನಿಮ್ಮಂಥ ಮನೆಗಳ ರಕ್ತ ಬೇಕು ಅಂದರು. ರೋಗ ಬಂದವರ ಪ್ರತಿ ಮಗುವಿಗೂ ಅದು ಬರಬಹುದು, ಬರದೇ ಇರಬಹುದು, ಅರ್ಧಕ್ಕರ್ಧ ಅಂದರು. ನಾನು ಮಷೀನಿನ ಮುಂದೆ ಕೂತಿದ್ದೆ. ನನಗೆ ಆಗ ಮೂವತ್ತೈದು. ಏನೂ ಅನ್ನಿಸಲಿಲ್ಲ. ಸೂಜಿಗೆ ದಾರ ಪೋಣಿಸಿದೆ.

ತಮ್ಮ ಮಾತ್ರ ಒಂದರ ಮೇಲೊಂದು ಪ್ರಶ್ನೆ ಕೇಳಿದ. "ಹುಡುಕೋದು ಅಂದ್ರ ಹೆಂಗ್ರಿ ಮೇಡಂ?"

"ಕ್ರೋಮೋಸೋಮ್ ಅಂದರೆ ಒಂದು ದಾರಿ ಅಂದುಕೊಳ್ಳಿ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿ ಇದೆಯಲ್ಲ, ಹಾಗೆ. ದಾರಿಯಲ್ಲಿ ಮೈಲಿಗಲ್ಲು ಇರುತ್ತವೆ. ರೋಗ ಬಂದವರೆಲ್ಲರಲ್ಲೂ ಯಾವ ಎರಡು ಕಲ್ಲುಗಳ ನಡುವಿನ ತುಂಡು ಒಂದೇ ಥರ ಇದೆ ಅಂತ ನೋಡ್ತೀವಿ. ಜೀನ್ ಅಲ್ಲೇ ಇರುತ್ತೆ."

"ಹಂಗಾರ ತೆಕ್ಕಲಕೋಟಿ ಹತ್ರ ಇರಬೇಕ್ರಿ. ನನ್ನ ಲಾರಿ ಕೆಟ್ಟಾಗೆಲ್ಲಾ ಅಲ್ಲೇ ಕೆಡತೈತಿ."

ಇಂಥ ಜೀನುಗಳು ಇಲಿಯಲ್ಲೂ ಇರುತ್ತವೆ, ನೊಣದಲ್ಲೂ ಇರುತ್ತವೆ, ಕೋಟ್ಯಂತರ ವರ್ಷವಾದರೂ ಹೆಚ್ಚು ಬದಲಾಗದೆ ಉಳಿದುಕೊಂಡು ಬಂದಿರುತ್ತವೆ ಎಂದೂ ಅವರು ಹೇಳಿದರು. ಅವ್ವ ಒಳಗಿನಿಂದಲೇ, "ನೊಣಾನೂ ನಮ್ಮ ಬೀಗರ ಪೈಕಿ ಆದ್ವು ಬಿಡು," ಅಂದಳು.

ಎಲ್ಲರ ರಕ್ತ ತೆಗೆದು ಸಣ್ಣ ಸೀಸೆಗಳಿಗೆ ತುಂಬಿ, ಐಸ್ ಡಬ್ಬಿಯಲ್ಲಿಟ್ಟುಕೊಂಡು ಹೋದರು.

ತಮ್ಮನ ಅವಸರಕ್ಕೆ ಕಾರಣವಿತ್ತು. ಆಗ ಅದಿರಿನ ಕಾಲ. ಹಗಲಿಡೀ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದವು, ಒಣಗಲು ಹಾಕಿದ ಬಿಳಿ ಬಟ್ಟೆ ಸಂಜೆಗೆ ಕೆಂಪಾಗುತ್ತಿತ್ತು. ಅವನ ಜೊತೆಗೆ ಲಾರಿ ಓಡಿಸುತ್ತಿದ್ದ ಒಬ್ಬ ಸಿರುಗುಪ್ಪದವನು ತನ್ನ ತಂಗಿಯನ್ನು ಕೊಡುತ್ತೇನೆ ಅಂದಿದ್ದ. ಹುಡುಗಿಯನ್ನು ತಮ್ಮ ಎರಡು ಸಲ ನೋಡಿದ್ದ. ಅವಳ ಫೋಟೊ ಲಾರಿಯಲ್ಲಿ ತಲೆಯ ಮೇಲಿನ ಪಟ್ಟಿಯಲ್ಲಿ ಸಿಕ್ಕಿಸಿಕೊಂಡಿದ್ದ. ನನಗೆ ತಂದು ತೋರಿಸಿದಾಗ ಅದರ ಮೇಲೂ ಕೆಂಪು ಧೂಳಿತ್ತು, ಅಂಗಿಯ ತುದಿಯಿಂದ ಒರೆಸಿ ಕೊಟ್ಟ.

"ಅಪ್ಪಂದು ನನಗ ಐತೋ ಇಲ್ಲೋ ಗೊತ್ತಾಗ್ಲಿ ಅಕ್ಕಾ. ಇತ್ತಂದ್ರ ಆಕಿ ಅಣ್ಣಗ ಮೊದ್ಲ ಹೇಳ್ತೀನಿ. ಇಲ್ಲಂದ್ರ ದೀಪಾವಳಿ ಆದಮ್ಯಾಲ ಅಕ್ಕಿಕಾಳು."

"ಇದು ಹುಡುಕೋ ಕೆಲಸ, ಯಾರಿಗೈತಿ ಯಾರಿಗಿಲ್ಲ ಅಂತ ಹೇಳಂಗಿಲ್ಲ ಅಂದಾರಲ್ಲೋ."

"ಕೇಳಿದ್ರ ಹೇಳ್ತಾರ ಬಿಡು. ಮನುಷ್ಯಾರಲ್ಲೇನು."

ಅವನು ಮುಂಜಾನೆ ಹಲ್ಲುಜ್ಜುತ್ತ ಗಟಾರದ ಕಲ್ಲಿನ ಅಂಚಿನ ಮೇಲೆ ಒಂದು ಹೆಜ್ಜೆಯ ಮುಂದೆ ಒಂದು ಹೆಜ್ಜೆ ಇಟ್ಟು ನಡೆಯುತ್ತಿದ್ದ. ಕಾಲು ತಪ್ಪುತ್ತದೆಯೋ ಎಂದು ನೋಡಿಕೊಳ್ಳುವುದು. ನಾನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಇವನ ಕಾಲು ಅಪ್ಪನ ಹಾಗೆ ತಪ್ಪಲು ಸಾಧ್ಯವೇ ಇಲ್ಲ ಎಂಬುದು ಡಾಕ್ಟರಮ್ಮ ಗೆರೆ ಎಳೆದ ದಿನವೇ ನನಗೆ ತಿಳಿದಿತ್ತು. ರೋಗ ಅಪ್ಪನ ಕಡೆಯದು. ಇವನು ಅಪ್ಪನಿಗೆ ಹುಟ್ಟಿದವನಲ್ಲ. ಇಷ್ಟೇ ಲೆಕ್ಕ.

ಅವ್ವನಿಗೆ ಆ ಲೆಕ್ಕ ತಿಳಿದಿರಲಿಲ್ಲ. ಒಮ್ಮೆ ನಾವಿಬ್ಬರೇ ಇದ್ದಾಗ ಕೇಳಿದೆ, "ಅವ್ವಾ, ಅವಂಗ ಹೆಂಗ ಬರತೈತಿ ಇದು?"

"ಉಡಿಯಾಗ ಬಿದ್ದಾನಲ್ಲ. ಈ ಮನಿ ಕುಲ ಅವಂದಾತು, ಈ ಮನಿ ದೇವ್ರು ಅವಂದಾತು. ಜಡ್ಡು ಹೊರಗ ನಿಂತಿರತೈತೇನು?" ಅಂದಳು. ಅಳುತ್ತಿದ್ದಳು. ಅವಳು ನಿಜವಾಗಿಯೂ ಹಾಗೇ ನಂಬಿದ್ದಳು. ಉಡಿಯಲ್ಲಿ ಬಿದ್ದವನಿಗೆ ಮನೆಯದು ಎಲ್ಲವೂ ಬರುತ್ತದೆ. ನಾನು ತಿದ್ದಲಿಲ್ಲ.

ಎರಡು ತಿಂಗಳಾದ ಮೇಲೆ ಡಾಕ್ಟರಮ್ಮ ಮತ್ತೆ ಬಂದು ಅಪ್ಪ, ಅವ್ವ, ತಮ್ಮ ಮೂವರ ರಕ್ತ ಮಾತ್ರ ಮತ್ತೊಮ್ಮೆ ತೆಗೆದುಕೊಂಡರು. ಮೂರನೆಯ ಸಲ ಬಂದಾಗ ರಕ್ತ ಕೇಳಲಿಲ್ಲ. ಅಪ್ಪನ ನಡಿಗೆ ನೋಡಿದರು, ಟೀ ಕುಡಿದರು, ಬಸ್ ಸ್ಟ್ಯಾಂಡಿನವರೆಗೆ ಬರುತ್ತೀರಾ ಎಂದು ನನ್ನನ್ನು ಕರೆದರು. ಮಧ್ಯಾಹ್ನ. ಸಿಮೆಂಟಿನ ಬೆಂಚಿನ ಮೇಲೆ ಕೂತೆವು.

"ನಿಮ್ಮ ತಮ್ಮನ ರಕ್ತ ನಿಮ್ಮ ತಂದೆಯ ರಕ್ತಕ್ಕೆ ಹೊಂದುತ್ತಿಲ್ಲ," ಅಂದರು. "ನಾವು ನೋಡಿದ ನಾಲ್ಕಾರು ಕಲ್ಲುಗಳಲ್ಲಿ ತಾಯಿಯದಕ್ಕೆ ಹೊಂದುತ್ತೆ."

ನಾನು ಎದುರಿಗೆ ನಿಂತಿದ್ದ ಬಸ್ಸಿನ ಬೋರ್ಡು ಓದಿದೆ.

"ನಾನು ಯಾರನ್ನೂ ತಪ್ಪು ಅನ್ನಲು ಬಂದವಳಲ್ಲ. ಮನೆಗಳಲ್ಲಿ ಹೀಗೆ ಇರುತ್ತೆ. ಹೇಳಬೇಕಾದ್ದು ಏನಾದರೂ ಇದ್ದರೆ ಹೇಳಿ, ನನ್ನಲ್ಲೇ ಇರುತ್ತೆ."

ಅವರು ಏನು ಅಂದುಕೊಂಡಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಅವ್ವ ಬೇರೆ ಗಂಡಸಿನಿಂದ ಮಗನನ್ನು ಹೆತ್ತಳು ಎಂದು ಅಂದುಕೊಂಡಿದ್ದರು. ತಂಗಿಯ ಮಗನಾದ್ದರಿಂದ ಅವ್ವನ ರಕ್ತಕ್ಕೆ ಅಷ್ಟು ಹೊಂದುತ್ತಿತ್ತು, ಅವರು ಅದನ್ನು ಹಾಗೆ ಓದಿದ್ದರು. ಚಿಗವ್ವನ ಮಗ, ಉಡಿಯಲ್ಲಿ ಹಾಕಿದ್ದು. ಇಷ್ಟು ಅಂದಿದ್ದರೆ ಮುಗಿಯುತ್ತಿತ್ತು.

"ನಿಮ್ಮ ಸೀಸಿ ಅದಲಿ ಬದಲಿ ಆಗಿರಬೇಕ್ರಿ," ಅಂದೆ.

"ಎರಡು ಸಲ ಆಗಲ್ಲ," ಅಂದರು. ನನ್ನ ಮುಖ ನೋಡಿದರು. ಅವ್ವನ ಮಾನ ಕಾಯುತ್ತಿದ್ದಾಳೆ ಎಂದುಕೊಂಡರೋ ಏನೋ, ನನ್ನ ಕೈ ಮೇಲೆ ಕೈ ಇಟ್ಟರು. "ಅವರ ಸ್ಯಾಂಪಲ್ ಲೆಕ್ಕದಿಂದ ಬಿಡ್ತೀನಿ. ಯಾಕೆ ಅಂತ ಅವರಿಗೆ ನಾನು ಹೇಳುವ ಹಾಗಿಲ್ಲ. ಆದರೆ ನಿಮಗೆ ಅರ್ಥವಾಗಿರಬೇಕು. ಅವರ ಮಟ್ಟಿಗೆ ಇದು ಒಳ್ಳೆಯ ಸುದ್ದಿ. ಹೇಗೆ ತಿಳಿಸೋದು ಅಂತ ನೀವೇ ಯೋಚಿಸಿ."

ಬಸ್ಸು ಬಂತು, ಹೋದರು. ನಾನು ನಡೆದುಕೊಂಡು ಮನೆಗೆ ಬಂದೆ. ತಮ್ಮ ಬಚ್ಚಲಲ್ಲಿ ತಲೆ ತೊಳೆದುಕೊಳ್ಳುತ್ತಿದ್ದ, ಕೆಂಪು ನೀರು ಗಟಾರಕ್ಕೆ ಹರಿಯುತ್ತಿತ್ತು.

"ಏನಂದ್ರು?"

"ನಿನ್ನ ರಕ್ತ ಲೆಕ್ಕಕ್ಕ ಹಿಡಿಯಂಗಿಲ್ಲಂತ."

"ಯಾಕಂತ?"

"ಗೊತ್ತಿಲ್ಲ," ಅಂದೆ.

ಅವನು ತಲೆಯ ಮೇಲೆ ಇನ್ನೊಂದು ಚೆಂಬು ಹುಯ್ದುಕೊಂಡ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಬಂದು ನನ್ನ ಪಕ್ಕ ಕೂತ. "ಹೇಳಾಕ ಬಾಯಿ ಬರ್ಲಿಲ್ಲ ಅವ್ರಿಗೆ. ಅದಕ್ಕ ಬಿಟ್ಟಾರ. ಐತಿ ಅಂತ ಆತು."

ಆಗಲೂ ಹೇಳಬಹುದಿತ್ತು. ಅವನ ಕಿವಿಯ ಹಿಂದೆ ಕೆಂಪು ಇನ್ನೂ ಹೋಗಿರಲಿಲ್ಲ. ಅದನ್ನು ನೋಡುತ್ತ ಕೂತಿದ್ದೆ.

ಎರಡು ದಿನ ಬಿಟ್ಟು ಹುಡುಗಿಯ ಅಣ್ಣನಿಗೆ ಫೋನ್ ಮಾಡಿದ. ಜೋರಾಗಿಯೇ ಮಾತಾಡಿದ, ಓಣಿಗೆಲ್ಲ ಕೇಳಿತು. "ಬ್ಯಾರೆ ಕಡಿ ನೋಡಲೇ ಮಾವಾ. ಇಲ್ಲ, ವರದಕ್ಷಿಣಿ ಮಾತಲ್ಲ. ಲೇ, ನಿನ್ನ ತಂಗಿ ಬಂಗಾರದಂಥಾಕಿ, ನಂದೇ ಗಾಡಿ ಸರಿ ಇಲ್ಲ ಅಂತೀನಿ." ಆ ಕಡೆಯವನು ಏನೋ ಬೈದಿರಬೇಕು, ಇವನು ನಕ್ಕ. ಫೋನ್ ಇಟ್ಟ ಮೇಲೆ ಅವ್ವ ಕೇಳಿದಳು.

"ಯಾಕೋ ಒಲ್ಲೆ ಅಂದಿ?"

"ಅಪ್ಪನ್ನ ರಟ್ಟಿ ಹಿಡದು ಬಚ್ಚಲಕ್ಕ ಕರಕೊಂಡು ಹೋಗಾಕ ನೀ ಅದೀ. ಆ ಹುಡುಗಿಗೆ ಆ ಕೆಲಸ ಹಚ್ಚಂಗಿಲ್ಲವ್ವಾ ನಾ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಮಷೀನು ಓಡಿಸುತ್ತಿದ್ದೆ. ನಿಲ್ಲಿಸಲಿಲ್ಲ.

ಬಸವಣ್ಣನ ಮೇಲಿನ ಆಣೆಗಾಗಿ ಸುಮ್ಮನಿದ್ದೆ ಎಂದು ಬರೆದರೆ ಓದುವವರು ಒಪ್ಪಿಕೊಳ್ಳಬಹುದು. ಆದರೆ ಆಣೆಯ ನೆನಪು ನನಗೆ ಆಗ ಬಂದಿರಲಿಲ್ಲ. ನನಗೂ ಅರ್ಧಕ್ಕರ್ಧ ಇತ್ತು. ದಿನಾ ಎದ್ದ ಕೂಡಲೇ ಕಾಲು ಊರಿ ನೋಡುತ್ತಿದ್ದೆ. ಮನೆಯಲ್ಲಿ ಇನ್ನೊಬ್ಬನೂ ಹಾಗೆ ಕಾಲು ಊರಿ ನೋಡುತ್ತಾನೆ ಎಂಬುದು ನನಗೆ ಬೇಕಿತ್ತು. ಅವನು ಕುರುಗೋಡಿನವನು ಎಂದಾದರೆ ಆ ಅಂಜಿಕೆ ನನ್ನೊಬ್ಬಳದೇ ಆಗುತ್ತಿತ್ತು. ಅವನು ಮದುವೆಯಾಗಿ ಹೋಗುತ್ತಿದ್ದ, ನಾನು ತೂರಾಡುವ ಅಪ್ಪನನ್ನು ನೋಡುತ್ತ ಉಳಿಯುತ್ತಿದ್ದೆ. ಜೊತೆಗಿರಲಿ ಎಂದು ಅವನನ್ನು ಹಿಡಿದಿಟ್ಟುಕೊಂಡೆ. ಅಷ್ಟೇ.

ಆ ಹುಡುಗಿಯ ಮದುವೆ ಮುಂದಿನ ಬೇಸಿಗೆಯಲ್ಲಿ ಸಿರುಗುಪ್ಪದಲ್ಲೇ ಆಯಿತು. ತಮ್ಮ ಹೋಗಿ ಉಂಡು ಬಂದ. ಅದಿರಿನ ಕೆಲಸ ನಿಂತಿತು, ಲಾರಿಗಳು ರಸ್ತೆಯ ಪಕ್ಕ ತುಕ್ಕು ಹಿಡಿದವು. ಅವನು ಭತ್ತದ ಲಾರಿ ಓಡಿಸಿದ. ಅಪ್ಪ ಹಾಸಿಗೆ ಹಿಡಿದು ಸತ್ತ. ಆಮೇಲೆ ಅವ್ವ ಸತ್ತಳು. ಎರಡೂ ಸಲ ಅವನೇ ತಲೆ ಬೋಳಿಸಿಕೊಂಡ.

ಜೀನ್ ಸಿಕ್ಕಿತು ಎಂದು ಡಾಕ್ಟರಮ್ಮ ಫೋನ್ ಮಾಡಿ ಹೇಳಿದರು. ಆ ತುಂಡನ್ನು ಕತ್ತರಿಸಿ ಕಣ್ಣಿಗೆ ಕಾಣದ ಒಂದು ಕ್ರಿಮಿಯೊಳಗೆ ಹಾಕುತ್ತಾರಂತೆ, ಕ್ರಿಮಿ ಬೆಳೆದ ಹಾಗೆ ಅದರ ನಕಲು ಲಕ್ಷಗಟ್ಟಲೆ ಆಗುತ್ತದಂತೆ, ಅದಕ್ಕೆ ಕ್ಲೋನ್ ಮಾಡುವುದು ಅನ್ನುತ್ತಾರಂತೆ. ಹಾಗೆ ಮಾಡಿ ಓದಿದಾಗ, ಇಲಿ, ನೊಣದಲ್ಲೆಲ್ಲ ಸರಿಯಾಗಿರುವ ಕಡೆ ನಮ್ಮ ಮನೆಯವರಲ್ಲಿ ಒಂದು ಚೂರು ಬರಹ ಮತ್ತೆ ಮತ್ತೆ ಬಂದಿತ್ತು. ಮಷೀನು ಸಿಕ್ಕಿಕೊಂಡಾಗ ಬಟ್ಟೆ ಮುಂದೆ ಹೋಗದೆ ಒಂದೇ ಜಾಗದಲ್ಲಿ ಹೊಲಿಗೆಯ ಮೇಲೆ ಹೊಲಿಗೆ ಬೀಳುತ್ತದೆ. ನಾನು ಹಾಗೆ ತಿಳಿದುಕೊಂಡೆ. ಈಗ ಬೇಕೆಂದವರಿಗೆ ಪರೀಕ್ಷೆ ಮಾಡಿ ಹೇಳಬಹುದು ಅಂದರು. ತಮ್ಮ, ನನಗೆ ಗೊತ್ತೇ ಐತಲ್ಲ, ಮತ್ತೇನು ಕೇಳೋದು ಅಂದ. ನಾನೊಬ್ಬಳೇ ರಕ್ತ ಕೊಟ್ಟೆ. ಐತಿ ಎಂದು ಬಂತು. ಅವತ್ತು ಹನ್ನೆರಡು ಡಜನ್ ಹೊಲಿದೆ.

ಈಗ ಎರಡು ವರ್ಷದಿಂದ ಮಷೀನಿನ ಪೆಡಲಿಗೆ ಕಾಲು ಸರಿಯಾಗಿ ಬೀಳುವುದಿಲ್ಲ. ಕೆಲಸ ಬಿಟ್ಟೆ. ತಮ್ಮನೇ ಅಡುಗೆ ಮಾಡಿ ಲಾರಿಗೆ ಹೋಗುತ್ತಿದ್ದ, ಬಂದು ನನ್ನ ರಟ್ಟೆ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗುತ್ತಿದ್ದ. ಒಂದು ಮುಂಜಾನೆ ನನ್ನನ್ನು ಹಾಗೆ ನಡೆಸುತ್ತ ನಗೆಯಾಡಿದ.

"ನನಗ ಬಂದಾಗ ಯಾರು ಹಿಡೀತಾರ ಅಕ್ಕಾ? ನೀ ಹಿಡಿಯಾಕ ಬಂದ್ರ ಇಬ್ರೂ ಬಿದ್ದೇವು."

ಅವನಿಗೆ ನಲವತ್ತಾಗಿತ್ತು. ಗಡ್ಡದಲ್ಲಿ ಬಿಳಿ ಇತ್ತು.

"ನಿನಗ ಬರಂಗಿಲ್ಲ," ಅಂದೆ. ಬಚ್ಚಲ ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಈಗ ನನ್ನ ಮಾತೂ ದಪ್ಪವಾಗಿದೆ, ಎರಡೆರಡು ಸಲ ಹೇಳಬೇಕಾಯಿತು. ಉಡಿಯಲ್ಲಿ ಹಾಕಿದ್ದು, ಹಾಳೆಯಲ್ಲಿ ಬರೆಸಿದ್ದು, ಬಸ್ ಸ್ಟ್ಯಾಂಡಿನಲ್ಲಿ ಅವರು ಕೇಳಿದ್ದು, ಗೊತ್ತಿಲ್ಲ ಅಂದದ್ದು.

ಅವನು ನನ್ನ ಕೈ ಬಿಡಲಿಲ್ಲ. ಒಳಗೆ ಕರೆದುಕೊಂಡು ಬಂದು ಕೂರಿಸಿದ. ಎದುರಿಗೆ ತಾನೂ ಕೂತ. ಹುಡುಗಿಯ ಮಾತು ಎತ್ತುತ್ತಾನೆ ಎಂದು ಕಾದೆ.

"ಡಾಕ್ಟರಮ್ಮ ಅವ್ವನ ಬಗ್ಗೆ ಹಂಗ ತಿಳಕೊಂಡ್ರ? ನೀ ತಿಳಕೊಳ್ಳಾಕ ಬಿಟ್ಟಿ?"

"ಹೂಂ."

"ಅವ್ವ ಸಾಯೋತನಕ?"

"ಹೂಂ."

"ಫೋನ್ ಹಚ್ಚು."

ಹಚ್ಚಿದೆ. ಅವನು ಸ್ಪೀಕರ್ ಒತ್ತಿ ನನ್ನ ಬಾಯಿಯ ಹತ್ತಿರ ಹಿಡಿದ. ನಮ್ಮವ್ವ ಅಂಥಾಕಿ ಅಲ್ಲರಿ ಎಂದು ಶುರು ಮಾಡಿದೆ. ಡಾಕ್ಟರಮ್ಮ ಕೊನೆಯವರೆಗೆ ಕೇಳಿದರು. ಅವರ ದನಿಗೂ ವಯಸ್ಸಾಗಿತ್ತು.

"ದತ್ತು ತಗೊಂಡ ಮಗುವಿಗೆ ನಮ್ಮಲ್ಲಿ ಒಂದು ಗುರುತು ಇದೆ," ಅಂದರು. "ಚೌಕದ ಎರಡೂ ಕಡೆ ಕಂಸ ಹಾಕಿ, ಮೇಲಿನ ಗೆರೆಯನ್ನು ಚುಕ್ಕಿ ಚುಕ್ಕಿಯಾಗಿ ಎಳೀತೀವಿ. ಅಷ್ಟೇ ಕೆಲಸ. ಅವತ್ತೇ ಹೇಳಿದ್ದರೆ ನಾನೇ ಅವರಿಗೆ ಧೈರ್ಯ ಹೇಳಿ ಹೋಗ್ತಿದ್ದೆ." ಸ್ವಲ್ಪ ಬಿಟ್ಟು, "ನಿಮ್ಮ ತಾಯಿಯವರ ಬಗ್ಗೆ ನಾನು ಹಾಗೆ ಅಂದುಕೊಂಡಿದ್ದಕ್ಕೆ ಕ್ಷಮೆ ಇರಲಿ," ಅಂದರು. ಕ್ಷಮೆ ಕೇಳಿದ್ದು ಅವರು.

ತಮ್ಮ ಅಂಗಿ ಹಾಕಿಕೊಂಡು ಕುರುಗೋಡಿನ ಬಸ್ಸಿಗೆ ಹೋದ. ಪಕ್ಕದ ಮನೆಯವರಿಗೆ ನನ್ನನ್ನು ನೋಡಿಕೊಳ್ಳಲು ಹೇಳಿ ಹೋದ. ಮೂರು ದಿನದ ಮೇಲೆ ಬಂದ.

"ಚಿಗವ್ವನ್ನ ಕೇಳಿದ್ಯಾ?"

"ಏನ ಕೇಳೋದು. ಆಕಿಗೆ ಕಿವಿ ಕೇಳಂಗಿಲ್ಲ ಈಗ. ಅವ್ವಾ ಅಂತ ಕೂಗಿದೆ. ಯಾರೋ ಬ್ಯಾರೆಯವ್ರನ್ನ ಕೂಗ್ತಾನ ಅಂತ ಹಿಂದ ತಿರುಗಿ ನೋಡಿದ್ಲು." ಆಮೇಲೆ, "ಅಣ್ಣಂದಿರು ಅಲ್ಲೇ ಬಂದಿರು ಅಂತಾರ. ಭತ್ತದ ಲಾರಿ ಐತಿ," ಅಂದ.

"ಹೋಗು," ಅಂದೆ.

"ಹೋಗ್ತೀನಿ," ಅಂದ.

ಹೋಗುವ ಮುಂಚೆ ವೆಲ್ಡಿಂಗ್‌ನವನನ್ನು ಕರೆತಂದು ಗೋಡೆಗೆ ಕಬ್ಬಿಣದ ಪೈಪು ಹಾಕಿಸಿದ, ಮಂಚದಿಂದ ಒಲೆಗೆ, ಒಲೆಯಿಂದ ಬಚ್ಚಲಿಗೆ. ನನ್ನನ್ನು ನಿಲ್ಲಿಸಿ ಕೈ ಎಲ್ಲಿಗೆ ಬರುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿದ. ಎರಡು ಹೊತ್ತಿನ ಊಟಕ್ಕೆ ಪಕ್ಕದ ಮನೆಯಲ್ಲಿ ಹೇಳಿಟ್ಟ. ಈಗ ಸೋಮವಾರ ಸೋಮವಾರ ಕಾಯಿಪಲ್ಲೆ ತಂದುಕೊಟ್ಟು, ಒಂದು ತಾಸು ಕೂತು ಹೋಗುತ್ತಾನೆ. ನಾನು ಯಾವುದಕ್ಕೆ ಅಂಜಿ ಅವನನ್ನು ಹಿಡಿದಿಟ್ಟುಕೊಂಡಿದ್ದೆನೋ ಅದು ಬಂದಿದೆ. ಬಂದಾಗ ನೋಡಿದರೆ ಅಷ್ಟು ದೊಡ್ಡದಿರಲಿಲ್ಲ.

ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದು ಅವನಿಗೆ ಹೇಳಿದ್ದೇನೆ. ಓದುತ್ತೇನೆ ಅಂದಿಲ್ಲ, ಬೇಡ ಎಂದೂ ಅಂದಿಲ್ಲ. ನಿನ್ನೆ ಫೋನ್ ಮಾಡಿದ್ದ.

"ಬಿದ್ದಿಲ್ಲ ಹೌದಿಲ್ಲೋ?"

ಇಲ್ಲ ಅನ್ನುವುದು ಸುಲಭವಿತ್ತು.

"ಎರಡ ಸಲ ಬಿದ್ದೆ," ಅಂದೆ.

ಆ ಕಡೆ ಲಾರಿ ಓಡುವ ಸದ್ದು ಕೇಳುತ್ತಿತ್ತು. ಬರುತ್ತೇನೆ ಅನ್ನಲಿಲ್ಲ. "ಪೈಪ್ ಇನ್ನೊಂಚೂರು ಕೆಳಗ ಹಾಕಸ್ಬೇಕಿತ್ತು," ಅಂದ.